ಖಾಕಿಯವರು, ಫೈರ್‌ನವರು, 108ರವರು: ಸುದ್ದಿಯಾಗದಂತೆ ಮನಸ್ಸಿಗೂ ಕುಡಿತಕ್ಕೂ ಚಿಕಿತ್ಸೆ ಪಡೆಯುವುದು ಹೇಗೆ

ರೈಲು ಹಳಿ ಮೇಲಿನ ಹೆಣ ಎತ್ತಿಸಿ, ಯುಡಿಆರ್ (ಅಸಹಜ ಸಾವಿನ ವರದಿ) ಬರೆದು, ಪಂಚರ ಸಹಿ ಹಾಕಿಸಿ, ಶವಾಗಾರದ ಬಾಗಿಲಲ್ಲಿ ಡಾಕ್ಟರಿಗಾಗಿ ಕಾಯುತ್ತ ನಿಲ್ಲುವವನು ಒಬ್ಬ ಪಿಸಿ, ಅಂದರೆ ಪೊಲೀಸ್ ಕಾನ್‌ಸ್ಟೆಬಲ್. ಅಪಘಾತದವರನ್ನು ಆಸ್ಪತ್ರೆಗೆ ಇಳಿಸಿ, ಹಿಂದಿನ ನಲ್ಲಿಯಲ್ಲಿ ಸ್ಟ್ರೆಚರ್ ತೊಳೆಯುತ್ತಿರುವವನು 108ರ ಇಎಂಟಿ, ಅಂದರೆ ಆಂಬ್ಯುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವವನು. ನೀರು ಇನ್ನೂ ಕೆಂಪಗೇ ಹರಿಯುತ್ತಿರುತ್ತದೆ, ಅಷ್ಟರಲ್ಲಿ ಪೈಲಟ್ (ಆಂಬ್ಯುಲೆನ್ಸ್ ಚಾಲಕ) ಕೂಗುತ್ತಾನೆ, ಇನ್ನೊಂದು ಕಾಲ್ ಬಂತು ಅಂತ. ಇವರಿಗೆ ಮನಸ್ಸು ಕೆಟ್ಟರೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲ ಎಂದೇನಿಲ್ಲ. ಎಷ್ಟೋ ಜನರನ್ನು ಇವರೇ ಕರೆದುಕೊಂಡು ಹೋಗಿ ಬಿಟ್ಟು ಬಂದಿರುತ್ತಾರೆ. ತಾವು ಹೋದರೆ ಗೊತ್ತಾಗಿಬಿಡುತ್ತದಲ್ಲ, ಅದೇ ಭಯ.

ಆ ಭಯಕ್ಕೆ ಕಾರಣವೂ ಇದೆ. ಪೊಲೀಸ್ ಕ್ವಾರ್ಟರ್ಸ್‌ನಲ್ಲಿ ಒಂದು ಮನೆಯ ವಿಷಯ ಮೂರನೇ ಮನೆಗೆ ತಲುಪಲು ಸಂಜೆಯವರೆಗೂ ಬೇಕಿಲ್ಲ. 108ರವರು ಗುತ್ತಿಗೆ ನೌಕರರು, ಮುಂದಿನ ವರ್ಷ ಇರ್ತೀವೋ ಇಲ್ವೋ ಅನ್ನುವ ಚಿಂತೆ. ಆದರೆ ಗುಟ್ಟು ಹೊರಬೀಳುವ ಜಾಗ ನಾವು ಅಂದುಕೊಂಡದ್ದಲ್ಲ. ಡಾಕ್ಟರ ಬಾಯಿಂದ ಹೊರಬೀಳುವುದು ಕಡಿಮೆ. ರಜೆ ಅರ್ಜಿ, ಬಿಲ್ಲು, ಮಾತ್ರೆ ಚೀಟಿ, ಜೊತೆಗೆ ಬಂದ ಗೆಳೆಯ, ಹೀಗೆ ಕಾಗದ ಮತ್ತು ಜನರಿಂದ ಹೊರಬೀಳುವುದೇ ಜಾಸ್ತಿ. ಹಾಗಾಗಿ ಯಾವ ದಾರಿಯಲ್ಲಿ ಹೋದರೆ ಎಷ್ಟು ಕಾಗದ ಹುಟ್ಟುತ್ತದೆ ಅನ್ನುವುದನ್ನೂ ಇಲ್ಲಿ ಜೊತೆಜೊತೆಗೇ ಹೇಳಿದ್ದೇನೆ.

ಗುಟ್ಟಿನ ಮಾತು ಬದಿಗಿಡಬೇಕಾದ ಎರಡು ಸಂದರ್ಭ

ಒಂದು, ಸಾಯುವ ಯೋಚನೆ ಪದೇ ಪದೇ ಬರುತ್ತಿದ್ದರೆ. ಈಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಮನೆಯವರೊಬ್ಬರ ಜೊತೆ ಹೋಗಿ. ಒಬ್ಬರೇ ಇರಬೇಡಿ. ಕೈಯಲ್ಲಿ ಸರ್ವಿಸ್ ವೆಪನ್ ಇರುವವರು ಅದನ್ನು ಅವತ್ತೇ ಆರ್ಮರಿಗೆ ಒಪ್ಪಿಸಿ. ಪೂರ್ತಿ ಕಾರಣ ಬಿಡಿಸಿ ಹೇಳಬೇಕಿಲ್ಲ. "ಸರ್, ರಾತ್ರಿ ನಿದ್ದೆನೇ ಆಗ್ತಿಲ್ಲ, ಸ್ವಲ್ಪ ದಿನ ವೆಪನ್ ಇಲ್ಲದ ಡ್ಯೂಟಿ ಕೊಡಿ" ಅಂದರೆ ಸಾಕು. ಅದು ಸುಳ್ಳೂ ಅಲ್ಲ. ಇಂಥ ಯೋಚನೆಯ ತೀವ್ರತೆ ಏರಿ ಇಳಿಯುವಂಥದ್ದು. ಏರಿದ ಹೊತ್ತಿನಲ್ಲಿ ಕೈಗೆ ಆಯುಧ ಸಿಗದಿದ್ದರೆ ಜೀವ ಉಳಿಯುತ್ತದೆ.

ಎರಡು, ದಿನಾ ಕುಡಿಯುವವರು ಏಕ್‌ದಮ್ ನಿಲ್ಲಿಸಿದ ಮೇಲೆ ಫಿಟ್ಸ್ ಬಂದರೆ, ಅಥವಾ ಇಲ್ಲದ್ದು ಕಾಣಿಸಿ, ದಿನ ಯಾವುದು, ತಾನೆಲ್ಲಿದ್ದೇನೆ ಅಂತ ತಿಳಿಯದಂತಾದರೆ. ಮೈತುಂಬ ಬೆವರು, ಎದೆ ಬಡಿತವೂ ಜೋರಾಗಿರುತ್ತದೆ. ಇದು ಪ್ರಾಣಕ್ಕೇ ಅಪಾಯ. 108ರಲ್ಲಿ ಪರಿಚಯದವರೇ ಬಂದರೂ ಬರಲಿ, ಕರೆಯಿರಿ.

ಹಂತ 1: ಎಲ್ಲಿದ್ದೀರಿ ಅಂತ ನೋಡಿಕೊಳ್ಳಿ

ಕೆಟ್ಟ ಘಟನೆ ನೋಡಿದ ಮೇಲೆ ಒಂದೆರಡು ವಾರ ನಿದ್ದೆ ಕೆಡುವುದು, ಊಟ ಸೇರದಿರುವುದು, ಅದೇ ದೃಶ್ಯ ಕಣ್ಣಮುಂದೆ ಬರುವುದು ಕಾಯಿಲೆಯಲ್ಲ. ಬಹುಪಾಲು ಜನರಿಗೆ ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿದ ಮೇಲೂ ಹಾಗೇ ಇದ್ದರೆ ಡಾಕ್ಟರನ್ನು ನೋಡಬೇಕು. ಸುಟ್ಟ ವಾಸನೆ ಬಂದ ಕೂಡಲೇ ಮೈ ಬೆವರುವುದು, ಘಟನೆ ನಡೆದ ರಸ್ತೆ ತಪ್ಪಿಸಿ ಸುತ್ತು ಬಳಸಿ ಹೋಗುವುದು, ಹೆಂಡತಿ ಮಕ್ಕಳ ಮೇಲೆ ಸುಮ್ನೆ ಸುಮ್ನೆ ರೇಗುವುದು, ಯಾವುದೂ ತನಗೆ ತಟ್ಟುವುದೇ ಇಲ್ಲ ಅನ್ನಿಸುವುದು, ಇವೆಲ್ಲ ಆ ಲೆಕ್ಕಕ್ಕೇ ಸೇರುತ್ತವೆ.

ಖಿನ್ನತೆಗೆ ಪಿಎಚ್‌ಕ್ಯೂ-9 ಅಂತ 9 ಪ್ರಶ್ನೆಗಳ ಪಟ್ಟಿ ಇದೆ. ಒಟ್ಟು 10 ಅಥವಾ ಜಾಸ್ತಿ ಬಂದರೆ ತಜ್ಞರ ಹತ್ತಿರ ಹೋಗಿ. ಕುಡಿತಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಪಟ್ಟಿ, 10 ಪ್ರಶ್ನೆ. ಅಂಕ 8 ಅಥವಾ ಜಾಸ್ತಿ ಬಂದರೆ ಎಚ್ಚರಿಕೆ, 20 ಅಥವಾ ಜಾಸ್ತಿ ಬಂದರೆ ಬಹುಶಃ ಚಟವೇ ಆಗಿದೆ. ಎರಡನ್ನೂ ಯಾರಿಗೂ ತೋರಿಸದೆ ಮನೆಯಲ್ಲೇ ತುಂಬಬಹುದು.

ಆಡಿಟ್ ತುಂಬುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಪಟ್ಟಿ ಕೇಳುವುದು "ಡ್ರಿಂಕ್" ಲೆಕ್ಕದಲ್ಲಿ, ನಮ್ಮ ಲೆಕ್ಕ ನೈಂಟಿ, ಕ್ವಾರ್ಟರ್. 30 ಎಂ.ಎಲ್. ವಿಸ್ಕಿಯೋ ಬ್ರಾಂಡಿಯೋ ಅಂದರೆ ಸುಮಾರು 10 ಗ್ರಾಂ ಆಲ್ಕೋಹಾಲ್, ಅದು 1 ಡ್ರಿಂಕ್. ಹಾಗಾದರೆ ನೈಂಟಿ ಅಂದರೆ 3. 180 ಎಂ.ಎಲ್. ಕ್ವಾರ್ಟರ್ ಅಂದರೆ 6. "ಒಮ್ಮೆಗೆ 6 ಅಥವಾ ಜಾಸ್ತಿ ಡ್ರಿಂಕ್ ಎಷ್ಟು ಸಲ?" ಅಂತ ಒಂದು ಪ್ರಶ್ನೆ ಇದೆ. "ಅಯ್ಯೋ, ಅಷ್ಟೆಲ್ಲ ಇಲ್ಲ, ಡ್ಯೂಟಿ ಮುಗಿಸಿ ಒಂದು ಕ್ವಾರ್ಟರ್ ಅಷ್ಟೇ" ಅನ್ನುವವರ ಉತ್ತರ "ದಿನಾ" ಅಂತ ಆಗಬೇಕು.

ಹಂತ 2: ಕಾನೂನು ಎಲ್ಲಿವರೆಗೆ ಕಾಯುತ್ತದೆ, ಎಲ್ಲಿ ಕಾಯುವುದಿಲ್ಲ

ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017, ಜಾರಿಗೆ ಬಂದದ್ದು 2018ರ ಮೇ 29ರಿಂದ. ಇದರ 23ನೇ ಸೆಕ್ಷನ್ ಪ್ರಕಾರ ನಿಮ್ಮ ಕಾಯಿಲೆ, ಚಿಕಿತ್ಸೆ, ನೀವು ಹೇಳಿಕೊಂಡ ಮಾತು ಎಲ್ಲ ಗುಟ್ಟಾಗಿರಬೇಕು. 24ನೇ ಸೆಕ್ಷನ್ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಫೋಟೋ, ವಿವರ ಮಾಧ್ಯಮಕ್ಕೆ ಕೊಡುವಂತಿಲ್ಲ. ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯೂ ಈ ಕಾಯ್ದೆಯ ಲೆಕ್ಕದಲ್ಲಿ ಕಾಯಿಲೆಯೇ. ಹಾಗಾಗಿ ಕುಡಿತದ ಚಿಕಿತ್ಸೆಗೂ ಇದೇ ರಕ್ಷಣೆ.

ವಿನಾಯಿತಿಗಳೂ ಇವೆ. ನಿಮಗೆ ಚಿಕಿತ್ಸೆ ಕೊಡುವ ಇತರ ತಜ್ಞರಿಗೆ, ನಿಮ್ಮ ಪರವಾಗಿ ನೇಮಕವಾದ ಪ್ರತಿನಿಧಿಗೆ ವಿಷಯ ತಿಳಿಸಬಹುದು. ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ, ಸಾರ್ವಜನಿಕರ ಸುರಕ್ಷತೆಯ ಪ್ರಶ್ನೆ ಬಂದರೆ, ಕೋರ್ಟ್ ಅಥವಾ ಕಾನೂನಿನ ಅಧಿಕಾರ ಇರುವ ಸಂಸ್ಥೆ ಆದೇಶ ಕೊಟ್ಟರೆ ಬೇಕಾದಷ್ಟನ್ನು ಮಾತ್ರ ಹೇಳಬಹುದು. "ನಮ್ಮ ಸ್ಟಾಫು, ಏನಾಗಿದೆ ಹೇಳಿ" ಅಂತ ಇನ್‌ಸ್ಪೆಕ್ಟರ್ ಫೋನ್ ಮಾಡಿ ಕೇಳುವುದು ಈ ಪಟ್ಟಿಯಲ್ಲಿಲ್ಲ.

ಇಲ್ಲೇ ಒಂದು ದೊಡ್ಡ ವ್ಯತ್ಯಾಸ ತಿಳಿದಿರಬೇಕು. ನೀವಾಗಿ ಡಾಕ್ಟರ ಹತ್ತಿರ ಹೋದರೆ ನೀವು ರೋಗಿ, ಕಾಗದ ನಿಮ್ಮದು. ಇಲಾಖೆಯೇ ಫಿಟ್‌ನೆಸ್ ನೋಡಿ ಅಂತ ಮೆಡಿಕಲ್ ಬೋರ್ಡಿಗೆ ಕಳಿಸಿದರೆ ವರದಿ ಹೋಗುವುದು ಕಳಿಸಿದವರಿಗೆ. ಡ್ಯೂಟಿಯಲ್ಲಿ ಕುಡಿದಿದ್ದಾನೆ ಅಂತ ಆಸ್ಪತ್ರೆಗೆ ಕರೆದೊಯ್ದು ಮಾಡಿಸುವ ಪರೀಕ್ಷೆಯಂತೂ ಚಿಕಿತ್ಸೆಯೇ ಅಲ್ಲ, ಅದು ಸಾಕ್ಷ್ಯ. ಕಳಿಸುವ ದಿನ ಬರುವ ಮೊದಲೇ ತಾನಾಗಿ ಹೋಗುವುದು ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ಆಮೇಲೆ ಏನಾದರೂ ನೋಟಿಸ್ ಬಂದರೂ, ಅದಕ್ಕೂ ಮುಂಚಿನ ತಾರೀಖಿನ ಚಿಕಿತ್ಸೆ ಚೀಟಿ ನಿಮ್ಮ ಪರವಾಗಿ ನಿಲ್ಲುತ್ತದೆ. 2021ರಲ್ಲಿ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಅಂಗವೈಕಲ್ಯ ಇರುವ ನೌಕರನ ವರ್ತನೆಗೆ ಶಿಸ್ತುಕ್ರಮ ಜರುಗಿಸುವುದು ಪರೋಕ್ಷ ತಾರತಮ್ಯ ಅಂತ ಹೇಳಿತು. ಅದರಲ್ಲೂ ಅವರ ಚಿಕಿತ್ಸೆಯ ದಾಖಲೆಗಳು ಮುಖ್ಯವಾಗಿದ್ದವು.

ಗಾಂಜಾ ಅಥವಾ ಬೇರೆ ಮಾದಕ ವಸ್ತುವಿನ ಚಟ ಇರುವವರಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸ್ವಂತ ಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪೂರ್ತಿ ಮಾಡಿದವರಿಗೆ ಪ್ರಾಸಿಕ್ಯೂಷನ್‌ನಿಂದ ರಕ್ಷಣೆ ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ಅದೂ ಹೋಗುತ್ತದೆ.

ಹಂತ 3: ಬಾಗಿಲು ಆರಿಸಿಕೊಳ್ಳಿ

ಕಾಗದ ಅತಿ ಕಡಿಮೆ ಇರುವ ಬಾಗಿಲು ಫೋನು. ಟೆಲಿ-ಮಾನಸ್, 14416 ಅಥವಾ 1800-891-4416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ. ಇಡೀ ದೇಶದ ಈ ವ್ಯವಸ್ಥೆಗೆ ನಮ್ಮ ನಿಮ್ಹಾನ್ಸೇ ಮುಂದಾಳು. ಭಾಷೆ ಕೇಳಿದಾಗ ಕನ್ನಡ ಒತ್ತಿ. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಹೆಸರು ಹೇಳಲು ಮನಸ್ಸಿಲ್ಲದಿದ್ದರೆ ಹಾಗಂತ ಹೇಳಿಬಿಡಿ. ಒಂದು ಸಲಹೆ: ಸ್ಟೇಷನ್ನಿನ ಸಿಯುಜಿ ಸಿಮ್‌ನಿಂದ (ಇಲಾಖೆ ಕೊಟ್ಟ ಗುಂಪು ನಂಬರಿನಿಂದ) ಮಾಡಬೇಡಿ, ಸ್ವಂತ ನಂಬರಿನಿಂದ ಮಾಡಿ. ಮಾದಕ ವಸ್ತು, ಮದ್ಯದ ವಿಷಯಕ್ಕೆ ಕೇಂದ್ರ ಸರ್ಕಾರದ 14446 ಬೇರೆ ಇದೆ. ಬೀಡಿ, ಸಿಗರೇಟು, ಗುಟ್ಕಾ ಬಿಡಬೇಕಿದ್ದರೆ 1800-11-2356. ದಿನಗೂಲಿಯ ಹೋಂಗಾರ್ಡ್‌ಗಳಿಗೆ ಆಸ್ಪತ್ರೆಗೆ ಹೋದ ದಿನ ಸಂಬಳವೂ ಇಲ್ಲ, ಅವರಿಗೆ ಫೋನೇ ಒಳ್ಳೆಯ ಶುರು.

ಬೆಂಗಳೂರಿನಲ್ಲಿ ಇರುವವರಿಗೆ, ಬರಬಲ್ಲವರಿಗೆ ನಿಮ್ಹಾನ್ಸ್. ಹೊಸೂರು ರಸ್ತೆಯ ಮುಖ್ಯ ಆವರಣದಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರ ಇದೆ, ಒಳರೋಗಿಯಾಗಿಯೂ ಇರಬಹುದು. ಆ ಗೇಟಿನೊಳಗೆ ಹೋಗುವುದನ್ನು ಯಾರಾದರೂ ನೋಡಿದರೆ ಅನ್ನುವ ಮುಜುಗರ ಇದ್ದವರಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಆತಂಕ, ನಿದ್ದೆ, ಸಂಸಾರದ ಜಗಳ, ಕೆಲಸದ ಒತ್ತಡ ಇಂಥವಕ್ಕೆ ಅದು ಸಾಕು. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್.

ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಇರುತ್ತಾರೆ. ದೇಶಕ್ಕೆ ಈ ಮಾದರಿ ಕೊಟ್ಟದ್ದೇ ಬಳ್ಳಾರಿ ಜಿಲ್ಲೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ "ಮನೋಚೈತನ್ಯ" ಕ್ಲಿನಿಕ್ ಇದೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೋಗಿ. ಆದರೆ ಒಂದು ಮಾತು. ಎಂಎಲ್‌ಸಿ (ಪೊಲೀಸ್ ಕೇಸಿನ ವೈದ್ಯಕೀಯ ಪರೀಕ್ಷೆ), ಪೋಸ್ಟ್‌ಮಾರ್ಟಂ ಅಂತ ವಾರಕ್ಕೆ ನಾಲ್ಕು ಸಲ ಅದೇ ಆಸ್ಪತ್ರೆಗೆ ಹೋಗುವ ಪೊಲೀಸರಿಗೆ, 108ರವರಿಗೆ ಅಲ್ಲಿನ ಸಿಸ್ಟರಿನಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರೂ ಗೊತ್ತು. ಅಂಥವರು ಪಕ್ಕದ ಜಿಲ್ಲೆಯ ಆಸ್ಪತ್ರೆಗೆ ಬಸ್ಸು ಹತ್ತುವುದೇ ವಾಸಿ. ಚಾರ್ಜು ನೂರಿನ್ನೂರು ಹೋಗುತ್ತದೆ, ಹೋಗಲಿ.

ಖಾಸಗಿ "ರಿಹ್ಯಾಬ್"ಗಳ ವಿಷಯದಲ್ಲಿ ಕಣ್ಣು ಬಿಟ್ಟು ನೋಡಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಮನೋವೈದ್ಯರು ನಿಜವಾಗಿ ಬರುತ್ತಾರಾ, ಮನೆಯವರ ಜೊತೆ ಮಾತಾಡಲು ಬಿಡುತ್ತಾರಾ ಕೇಳಿ. ಕಟ್ಟಿಹಾಕುವುದು, ಹೊಡೆಯುವುದು ಚಿಕಿತ್ಸೆಯಲ್ಲ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 95ನೇ ಸೆಕ್ಷನ್ ಪೂರ್ತಿ ನಿಷೇಧಿಸಿದೆ. ಸ್ವಂತ ಒಪ್ಪಿಗೆಯಿಂದ ಸೇರಿದವರು ಬಿಡುಗಡೆ ಕೇಳಿದರೆ ಕಾನೂನಿನ ಪ್ರಕಾರ ಬಿಡಬೇಕು. ಮನೋವೈದ್ಯರಿಗೆ ಅಪಾಯ ಕಂಡರೆ ಪರೀಕ್ಷಿಸಲು 24 ಗಂಟೆ ತಡೆಯಬಹುದು, ಅಷ್ಟೇ.

ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಸಭೆಗಳಲ್ಲಿ ರಿಜಿಸ್ಟರ್ ಇಲ್ಲ, ಫೀಸ್ ಇಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಕನ್ನಡದಲ್ಲಿ ನಡೆಯುವ ಸಭೆಗಳೂ ಇವೆ. ಮನೆಯವರಿಗೆ ಅಲ್-ಅನಾನ್ ಇದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಂದ ಕುಡಿತ ಬಿಟ್ಟವರು ಬಹಳ ಜನ, ಆಮೇಲೆ ಜೊತೆ ಕೊಡಲು ನವಜೀವನ ಸಮಿತಿಗಳೂ ಇವೆ. ಆದರೆ ಆ ಶಿಬಿರ ನಡೆಯುವುದು ಊರಿನ ಮಧ್ಯೆ, ಎಲ್ಲರ ಎದುರು. ಊರಿನ ಎದುರು ನಿಂತು ಬಿಟ್ಟೆ ಅನ್ನುವುದೇ ಅದರ ಬಲ. ಗುಟ್ಟು ಬೇಕು ಅನ್ನುವವರಿಗೆ ಅದು ಹೊಂದುವುದಿಲ್ಲ.

ಹಂತ 4: ಡಾಕ್ಟರ ಮುಂದೆ

ನೋಂದಣಿ ಕೌಂಟರಿನಲ್ಲಿ ಆಭಾ ಐಡಿ, ಅಂದರೆ ಡಿಜಿಟಲ್ ಆರೋಗ್ಯ ಖಾತೆಯ ಸಂಖ್ಯೆ ಕೇಳಬಹುದು. ಅದು ಕಡ್ಡಾಯವಲ್ಲ, ಬೇಡ ಅನ್ನಬಹುದು. ಉದ್ಯೋಗದ ಜಾಗದಲ್ಲಿ "ಸರ್ಕಾರಿ ನೌಕರ" ಅಂತ ಬರೆಸಿದರೂ ಆಯಿತು. ಯೂನಿಫಾರ್ಮ್‌ನಲ್ಲಿ ಹೋಗಬೇಡಿ. ಬೇಗ ಒಳಗೆ ಬಿಡುತ್ತಾರೆ ನಿಜ, ಆದರೆ ಎಲ್ಲರಿಗೂ ನೆನಪಿರುತ್ತದೆ.

ಒಳಗೆ ಹೋದ ಮೇಲೆ ಮಾತ್ರ ಏನನ್ನೂ ಮುಚ್ಚಿಡಬೇಡಿ. ಎಷ್ಟು ಕುಡಿಯುತ್ತೀರಿ, ಕೊನೆಯ ಸಲ ಯಾವಾಗ, ಬೆಳಗ್ಗೆ ಕೈ ನಡುಗುತ್ತದಾ, ಹಿಂದೆ ಫಿಟ್ಸ್ ಬಂದಿತ್ತಾ, ನಿದ್ದೆ ಮಾತ್ರೆ ನುಂಗುತ್ತಿದ್ದೀರಾ. ಅರ್ಧ ಹೇಳಿದರೆ ಡಾಕ್ಟರು ಅರ್ಧದ ಲೆಕ್ಕಕ್ಕೆ ಔಷಧ ಕೊಡುತ್ತಾರೆ. ನೈಟ್ ಡ್ಯೂಟಿ ಇದೆ, ಗಾಡಿ ಓಡಿಸುತ್ತೇನೆ, ಆಯುಧ ಹಿಡಿಯುತ್ತೇನೆ ಅನ್ನುವುದನ್ನು ಮೊದಲೇ ಹೇಳಿ. ಮಂಪರು ತರುವ ಮಾತ್ರೆಯ ಹೊತ್ತನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ನೋಡಿದ ಹೆಣದ ವಿವರವನ್ನೆಲ್ಲ ಮೊದಲ ದಿನವೇ ಬಿಚ್ಚಿಡಬೇಕಾಗಿಲ್ಲ. "ಅದನ್ನು ಇನ್ನೊಂದು ಸಲ ಹೇಳ್ತೀನಿ" ಅಂದರೆ ಒಳ್ಳೆಯ ಡಾಕ್ಟರು ಒತ್ತಾಯ ಮಾಡುವುದಿಲ್ಲ.

ಖಿನ್ನತೆ, ಆತಂಕದ ಮಾತ್ರೆಗಳಿಗೆ ಚಟ ಹತ್ತುತ್ತದೆ ಅನ್ನುವ ಮಾತು ಠಾಣೆಗಳಲ್ಲಿ ಬಹಳ ಓಡಾಡುತ್ತದೆ. ಸರ್ಟ್ರಾಲಿನ್ ಥರದವು ಹಾಗಲ್ಲ. ಗುಣ ಕಾಣಲು ಎರಡರಿಂದ ಆರು ವಾರ ಬೇಕು, ನಾವಾಗಿ ದಿಢೀರ್ ಬಿಡಬಾರದು, ಅಷ್ಟೇ. ಚಟ ಹತ್ತುವಂಥವು ಆಲ್‌ಪ್ರಾಜೋಲಮ್ ಥರದ ನಿದ್ದೆ ಮಾತ್ರೆಗಳು. ಪರಿಚಯದ ಮೆಡಿಕಲ್ ಶಾಪಿನವನು ಯೂನಿಫಾರ್ಮ್ ನೋಡಿ ಚೀಟಿ ಇಲ್ಲದೆ ಕೊಡುವುದೂ ಅದನ್ನೇ. ಘಟನೆಯ ನೆನಪು ಬಿಡದೆ ಕಾಡುತ್ತಿದ್ದರೆ ಮಾತಿನ ಚಿಕಿತ್ಸೆಯಲ್ಲೇ ಅದಕ್ಕೆ ಬೇರೆ ವಿಧಾನ ಇವೆ. ಟ್ರಾಮಾ ಸಿಬಿಟಿ ಅಥವಾ ಇಎಂಡಿಆರ್ ಮಾಡುವವರು ಇದ್ದಾರಾ ಅಂತ ಕೇಳಿ.

ಹಂತ 5: ಕುಡಿತ ಬಿಡುವ ಮೊದಲ ವಾರ

ದಿನಾ ಕುಡಿಯುವವರು "ನಾಳೆಯಿಂದ ಮುಟ್ಟಲ್ಲ" ಅಂತ ಒಬ್ಬರೇ ಕೋಣೆ ಸೇರಬೇಡಿ. ಕೊನೆಯ ಗ್ಲಾಸ್ ಆಗಿ ಆರೆಂಟು ಗಂಟೆಯಲ್ಲೇ ನಡುಕ, ಬೆವರು, ವಾಕರಿಕೆ ಶುರುವಾಗಬಹುದು. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಮೇಲೆ ಹೇಳಿದ ಭ್ರಮೆಯ ಸ್ಥಿತಿ ಬರುವುದು ಎರಡರಿಂದ ನಾಲ್ಕನೇ ದಿನಕ್ಕೆ, ಅಂದರೆ "ಇನ್ನೇನು ಪಾರಾದೆ" ಅಂದುಕೊಳ್ಳುವ ಹೊತ್ತಿಗೆ. ಆಸ್ಪತ್ರೆಯಲ್ಲಿ ಇದನ್ನು ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸುತ್ತ ಬರುತ್ತಾರೆ, ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಇಂಜೆಕ್ಷನ್ ಕೊಡುತ್ತಾರೆ. ಊಟ ಬಿಟ್ಟು ಕುಡಿದವರಿಗೆ ಬಿ1 ತಳ ಮುಟ್ಟಿರುತ್ತದೆ, ಅದಿಲ್ಲದೆ ಸುಮ್ನೆ ಗ್ಲೂಕೋಸ್ ಹಾಕಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ಕುಡಿತ ಬಿಡಿಸಿದ ಮೇಲೆ "ಸುಸ್ತು, ಒಂದು ಬಾಟಲಿ ಏರಿಸಿ" ಅಂತ ಕ್ಲಿನಿಕ್‌ಗೆ ಹೋಗುವವರು ಇದನ್ನು ನೆನಪಿಡಬೇಕು.

ಆಮೇಲೆ ಆಸೆ ತಡೆಯಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಮಾತ್ರೆಗಳಿವೆ. ಡೈಸಲ್ಫಿರಾಮ್ ಬೇರೆ ಜಾತಿಯದು. ಅದನ್ನು ನುಂಗಿ ಕುಡಿದರೆ ಮುಖ ಕೆಂಪೇರಿ, ವಾಂತಿ ಬಂದು, ಬಿ.ಪಿ. ಕುಸಿಯುತ್ತದೆ, ಹೃದಯದ ತೊಂದರೆ ಇದ್ದವರಿಗೆ ಜೀವಕ್ಕೇ ಕುತ್ತು. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ "ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಅಂತ ಜಾಹೀರಾತು ನೋಡಿದ್ದೀರಲ್ಲ? ಮನೆಯವರು ದಯವಿಟ್ಟು ಸಾರಿನಲ್ಲಿ, ಕಾಫಿಯಲ್ಲಿ ಏನನ್ನೂ ಬೆರೆಸಬೇಡಿ.

ಹಂತ 6: ರಜೆ ಮತ್ತು ಬಿಲ್ಲು

ಗುಟ್ಟು ನಿಜವಾಗಿ ಪರೀಕ್ಷೆಗೆ ಬರುವುದು ಇಲ್ಲಿ. ಸರ್ಕಾರಿ ನೌಕರರಾದರೆ ಗಳಿಕೆ ರಜೆಗೆ (ಇಎಲ್) ವೈದ್ಯಕೀಯ ಪ್ರಮಾಣಪತ್ರ ಬೇಕಿಲ್ಲ. ಹತ್ತು ಹದಿನೈದು ದಿನದ ಚಿಕಿತ್ಸೆಗೆ ಇಎಲ್ ಹಾಕಿ "ಸ್ವಂತ ಕೆಲಸ" ಅಂತ ಬರೆದರೆ ಕಾಯಿಲೆಯ ಹೆಸರು ಯಾವ ಫೈಲಿಗೂ ಹೋಗುವುದಿಲ್ಲ. ಪರಿವರ್ತಿತ ರಜೆ (ಅರ್ಧ ಸಂಬಳದ ರಜೆಯನ್ನು ಪೂರ್ತಿ ಸಂಬಳಕ್ಕೆ ಬದಲಿಸಿಕೊಳ್ಳುವುದು) ಬೇಕಾದರೆ ಪ್ರಮಾಣಪತ್ರ ಕೊಡಲೇಬೇಕು, ಅದು ಠಾಣೆಯ ಕಾಗದಪತ್ರ ನೋಡುವ ರೈಟರ ಕೈ ದಾಟಿಯೇ ಮೇಲೆ ಹೋಗುತ್ತದೆ. ಕಾಯಿಲೆಯ ಹೆಸರನ್ನು ಎಷ್ಟು ಬಿಡಿಸಿ ಬರೆಯಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಮಾತಾಡಿ. ಸುಳ್ಳು ಕಾಯಿಲೆ ಬರೆಸಬೇಡಿ. ಕಾಮಾಲೆ ಅಂತ ಬರೆಸಿ ಸಿಕ್ಕಿಬಿದ್ದರೆ ಇಲ್ಲದ ಕೇಸು ಹುಟ್ಟುತ್ತದೆ.

ಪೊಲೀಸರ ಆರೋಗ್ಯ ಭಾಗ್ಯದಂಥ ಯೋಜನೆಯಲ್ಲಾಗಲಿ, ಮರುಪಾವತಿಯಲ್ಲಾಗಲಿ ಬಿಲ್ಲಿನ ಜೊತೆ ರೋಗದ ಹೆಸರು ಕಚೇರಿಗೆ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಯ ಖರ್ಚು ಕಡಿಮೆ. ಕೈಯಿಂದಲೇ ಕೊಟ್ಟು ಕ್ಲೇಮ್ ಮಾಡದೆ ಬಿಡುವುದು ಬಹಳ ಜನರಿಗೆ ನೆಮ್ಮದಿ. ಖಾಸಗಿ ವಿಮೆ ಇದ್ದವರು ಪಾಲಿಸಿ ಓದಿ: ದೇಹದ ಕಾಯಿಲೆಯಂತೆ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ, ಆದರೆ ಮದ್ಯ, ಮಾದಕ ವಸ್ತುವಿನ ಚಿಕಿತ್ಸೆಯನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಟ್ಟಿರುತ್ತವೆ. 108ರವರಲ್ಲಿ ಇಎಸ್‌ಐ ಕಾರ್ಡ್ ಇರುವವರಿಗೆ ಮಾನಸಿಕ ಚಿಕಿತ್ಸೆಯೂ ಅದರಲ್ಲೇ ಸಿಗುತ್ತದೆ. ವಂತಿಗೆಯ ಷರತ್ತು ಪೂರೈಸಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಕಾಯಿಲೆ ಭತ್ಯೆಯೂ ಇದೆ.

ಹಂತ 7: ಯಾರಿಗೆ ಹೇಳುವುದು, ಡ್ಯೂಟಿಗೆ ಹೇಗೆ ಮರಳುವುದು

ಮನೆಯಲ್ಲಿ ಒಬ್ಬರಿಗೆ ಪೂರ್ತಿ ಗೊತ್ತಿರಲಿ. ಬ್ಯಾಚ್‌ಮೇಟ್‌ಗಳಲ್ಲಿ ಒಬ್ಬನಿಗೆ, ಅದೂ ಬೇರೆ ಠಾಣೆಯಲ್ಲಿರುವವನಿಗೆ ಹೇಳಿಕೊಳ್ಳಬಹುದು. ವಾಟ್ಸಾಪಿನಲ್ಲಿ ಬರೆಯಬೇಡಿ, ಎದುರು ಕೂತು ಹೇಳಿ. ಮೇಲಿನವರಿಗೆ ಹೇಳಬೇಕಾದದ್ದು ಕಾಯಿಲೆಯಲ್ಲ, ನಿಮಗೆ ಬೇಕಾದ ಸಹಾಯ: "ಸರ್, ಡಾಕ್ಟರು ಎರಡು ತಿಂಗಳು ನೈಟ್ ಬೇಡ ಅಂದಿದ್ದಾರೆ." ಬಾರ್ ಬಂದೋಬಸ್ತ್, ಅಬಕಾರಿ ರೇಡ್‌ನಂಥ ಕೆಲಸ ಶುರುವಿನ ತಿಂಗಳುಗಳಲ್ಲಿ ತಪ್ಪಿಸಿಕೊಂಡರೆ ಒಳ್ಳೆಯದು. ಸಂಜೆ ಪಾರ್ಟಿಗೆ ಕರೆದರೆ "ಲಿವರ್‌ಗೆ ಮಾತ್ರೆ ತಗೋತಿದ್ದೀನಿ" ಅನ್ನುವವರಿದ್ದಾರೆ, ಆ ಮಾತಿಗೆ ಯಾರೂ ಎದುರಾಡುವುದಿಲ್ಲ. ನಡುವೆ ಒಂದು ದಿನ ಕುಡಿದುಬಿಟ್ಟರೆ ಚಿಕಿತ್ಸೆ ಕೆಟ್ಟಿತು ಅಂತಲ್ಲ. ಮರುದಿನವೇ ಫೋನ್ ಮಾಡಿ ಹೇಳಿ. ಹಾಗೆ ಜಾರುವುದು ಡಾಕ್ಟರಿಗೆ ಹೊಸದೇನಲ್ಲ.

ಸಾಹೇಬರುಗಳಿಗೂ ಒಂದು ಮಾತು. ದೊಡ್ಡ ದುರಂತದ ಮರುದಿನ ಎಲ್ಲರನ್ನೂ ಸಾಲಾಗಿ ಕೂರಿಸಿ "ಏನು ನೋಡಿದ್ರಿ, ಹೇಳಿ" ಅಂತ ಒತ್ತಾಯದ ಕೌನ್ಸೆಲಿಂಗ್ ಮಾಡಿಸಬೇಡಿ. ಒಂದೇ ಸಲದ ಅಂಥ ಮಾತುಕತೆಯಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಊಟ, ನಿದ್ದೆ, ಮನೆಗೆ ಹೋಗಲು ರಜೆ, ಗೋಡೆಯ ಮೇಲೆ 14416 ಅಂಟಿಸಿದ ಒಂದು ಚೀಟಿ, ಮೊದಲ ವಾರಕ್ಕೆ ಇಷ್ಟು ಮಾಡಿ. ಚೀಟಿಯನ್ನು ಟಾಯ್ಲೆಟ್ ಬಾಗಿಲ ಒಳಗಡೆ ಅಂಟಿಸಿ. ಅಲ್ಲಾದರೆ ನಂಬರ್ ಬರೆದುಕೊಳ್ಳುವುದನ್ನು ಯಾರೂ ನೋಡುವುದಿಲ್ಲ.

ಇನ್ನು ಟ್ರಾನ್ಸ್‌ಫರ್. ಚಿಕಿತ್ಸೆ ತಪ್ಪಿಹೋಗುವುದು ಜಾಸ್ತಿ ಅದರಿಂದಲೇ. ಆರ್ಡರ್ ಕೈಗೆ ಬಂದ ದಿನವೇ ಡಾಕ್ಟರ ಹತ್ತಿರ ಹೋಗಿ ಔಷಧದ ಹೆಸರು, ಪ್ರಮಾಣ, ಎಷ್ಟು ದಿನದಿಂದ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಹೊಸ ಜಿಲ್ಲೆಯ ಡಾಕ್ಟರಿಗೆ ಪತ್ರ ಕೇಳಿ. ನಿಮ್ಮ ದಾಖಲೆಯ ಪ್ರತಿ ಕೇಳುವುದು ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ನಿಮ್ಮ ಹಕ್ಕು. ಒಂದು ತಿಂಗಳ ಮಾತ್ರೆ ಕೈಯಲ್ಲಿಟ್ಟುಕೊಂಡೇ ಲಗೇಜು ಕಟ್ಟಿ.